ಗುಮ್ಮಟದಲ್ಲಿ ಎದ್ದ ದನಿ

ಹುಕ್ಕೇರಿ, ಮಂಗಳವಾರ

ಅಕ್ಕಾ,

ಈ ಸುದ್ದಿ ಮೊದಲು ನಿನಗೇ. ಗಂಟಲಿನ ಆಪರೇಶನ್ ಆದ ಮೇಲೆ ಹನ್ನೊಂದು ತಿಂಗಳು ಬರೀ ಪಿಸುಗುಟ್ಟುತ್ತಿದ್ದ ನಾನು ಇವತ್ತು ದನಿ ಎತ್ತಿ ಕೂಗಿದೆ.

ಮಗಳು ಭಾಗ್ಯಾ ರಜೆ ಹಾಕಿ, ಈ ಊರಿನ ಹಳೆಯ ಗುಮ್ಮಟಗಳನ್ನು ತೋರಿಸಲು ಕರೆತಂದಿದ್ದಳು. ಅವಳು ಹೊರಗೆ ಹುಲ್ಲಿನ ಮೇಲೆ ನಿಂತು ಫೋಟೊ ತೆಗೆಯುತ್ತಿದ್ದಳು. ಒಳಗೆ ತಂಪಿನಲ್ಲಿ ನಾನೊಬ್ಬಳೇ ಇದ್ದೆ. ಧೈರ್ಯ ಮಾಡಿ ಅವಳ ಹೆಸರು ಕರೆದೆ. ಮೊದಲು ಬರೀ ಗಾಳಿ ಬಂತು. ಎರಡನೆಯ ಸಲ ದನಿಯೇ ಬಂತು, ಗುಮ್ಮಟದ ತುಂಬ ಮೊಳಗಿತು.

ಭಾಗ್ಯಾ ಓಡಿಬಂದಳು. "ಯವ್ವಾ, ನೀನ ಕರದಿ ಏನ?"

"ಮತ್ಯಾರ ಕರೀತಾರ?" ಎಂದೆ, ಜೋರಾಗಿಯೇ. ಅವಳು ನನ್ನನ್ನು ಅಪ್ಪಿಕೊಂಡು ಅತ್ತುಬಿಟ್ಟಳು.

ಹೊರಗೆ ಕಸ ಗುಡಿಸುತ್ತಿದ್ದ ಸೀತವ್ವ ಎಂಬಾಕೆ ಇಣುಕಿ, "ಇನ್ನೊಮ್ಮೆ ಕರೀರಿ ಬಾಯಾರ, ಛಲೋ ಕೇಳತೈತಿ" ಎಂದಳು. ಮೂರು ಸಲ ಕರೆದೆ.

ದನಿ ಸ್ವಲ್ಪ ಗಡಸಾಗಿದೆ, ಆದರೆ ನೋವಿಲ್ಲ. ಮಾತ್ರೆ ತಪ್ಪಿಸಿಲ್ಲ, ಚಿಂತೆ ಮಾಡಬೇಡ. ಈಗ ಧುಪದಾಳಕ್ಕೆ ಹಕ್ಕಿ ನೋಡಲು ಹೊರಟಿದ್ದೇವೆ. ರಸ್ತೆ ಬದಿ ಕೂತು ಇದನ್ನು ಬರೆಯುತ್ತಿರುವಾಗಲೇ ಬಸ್ಸು ಬರುತ್ತಿದೆ. ಭಾಗ್ಯಾ ಕೈ ಎತ್ತಲು ಹೋದಳು, ಬೇಡವೆಂದೆ. ನಿಲ್ಲಿಸು ಎಂದು ನಾನೇ ಕೂಗುತ್ತೇನೆ.

ನಿನ್ನ ತಂಗಿ,
ನೀಲವ್ವ