ಐದು ವರ್ಷ ತಡವಾದ ರೋಸ್

ಫರ್ವಾನಿಯಾ, ಕುವೈತ್
ಶುಕ್ರವಾರ, 17 ಜನವರಿ 2025

ಫಿಯೋನಾಳ ಪಪ್ಪನಿಗೆ,

ಈ ಹೆಸರು ಹಿಡಿದು ನಿಮ್ಮನ್ನು ಕರೆಯದೆ ಐದು ವರ್ಷವಾಯಿತು. ಫೋನಿನಲ್ಲಿ ನಾವು ಮಾತಾಡುವುದು ನಿಮ್ಮ ಬೆನ್ನುನೋವು, ಊರಿನಲ್ಲಿ ನೀವಿರುವ ಕುಲಶೇಖರದ ಫ್ಲ್ಯಾಟಿನ ಸೋರುವ ಪೈಪು, ಇಷ್ಟೇ. ಈ ಸಂಗತಿಯನ್ನು ಫೋನಿನಲ್ಲಿ ಹೇಳಿದರೆ ನೀವು ನಡುವೆ ಬಾಯಿ ಹಾಕುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ. ಜಗಳಕ್ಕೆ ನಮಗೆ ಕೊಂಕಣಿ ಇದೆ. ವರದಿ ಒಪ್ಪಿಸಲು ಹೈಸ್ಕೂಲಿನಲ್ಲಿ ಕಲಿತ ಕನ್ನಡವೇ ಸರಿ. ಕೂತು ಓದಿ.

ಮೊದಲೇ ಹೇಳಿಬಿಡುತ್ತೇನೆ. ನಿನ್ನೆ ಸಂಜೆ ಸಾಲ್ಮಿಯಾದಲ್ಲಿ, ತುಂಬಿದ ಸಭೆಯ ಮುಂದೆ, ನಮ್ಮ ಮಗಳಿಗೆ ನಾನು ರೋಸ್ ಹಚ್ಚಿದೆ.

ಹೌದು, ಫಿಯೋನಾಳಿಗೇ. ಮದುವೆಯ ಮುನ್ನಾದಿನ ತಲೆಗೆ ಎಣ್ಣೆ ಕಾಣದೆ, ಮೈಗೆ ರೋಸಿನ ತೆಂಗಿನ ಹಾಲು ಕಾಣದೆ, ಸುತ್ತ ನಿಂತು ವೊವಿಯೊ ಹಾಡುವ ಒಬ್ಬ ಹೆಂಗಸೂ ಇಲ್ಲದೆ, ರಿಜಿಸ್ಟ್ರಾರ್ ಕಚೇರಿಯ ಫ್ಯಾನಿನ ಕೆಳಗೆ ಸಹಿ ಹಾಕಿ ಮದುವೆಯಾದವಳಿಗೆ. ಸಾಕ್ಷಿಯ ಸಹಿ ಯಾರದೆಂದು ಇಲ್ಲಿ ಬರೆಯುವುದಿಲ್ಲ. ಬೆನ್ನಿನ ಚಿಕಿತ್ಸೆಗೆಂದು ಊರಿಗೆ ಹೋದವರೊಬ್ಬರಿದ್ದರು, ಅವರಿಗೆ ಗೊತ್ತು.

ಅವಳು ಕೈಹಿಡಿದ ಬೇರೆ ಧರ್ಮದ ಹುಡುಗ, ದೇಜಪ್ಪನವರ ಮಗ ವಿನೀತ್ ಒಳ್ಳೆಯವನೋ ಅಲ್ಲವೋ ಎಂಬುದು ನನ್ನ ಪ್ರಶ್ನೆ ಆಗಿರಲಿಲ್ಲ. ಈ ಕುವೈತಿನಲ್ಲಿ ಯಾರ್ಯಾರ ಹೆಣ್ಣುಮಕ್ಕಳಿಗೋ ಮುಂದೆ ನಿಂತು ವೊವಿಯೊ ಹಾಡಿದವಳು ನಾನು. ನನ್ನ ಒಬ್ಬಳೇ ಮಗಳಿಗೆ ಹಾಡಲಿಲ್ಲ. ಅಲ್ಲಿಂದ ಮೇಲೆ ಯಾರ ಮನೆಯ ರೋಸಿಗೂ ನನ್ನನ್ನು ಕರೆಯಲಿಲ್ಲ. ಮೈದಾನ್ ಹವಲ್ಲಿಯ ಮೊಲ್ಲಿ ಮುಂದಾಳಾದಳು. ಅವಳಿಗೆ ಅರ್ಧ ಸಾಲು ಬಾಯಿಗೆ ಬರುವುದಿಲ್ಲ. ಉಳಿದದ್ದನ್ನು ಲಾ ಲಾ ಎಂದು ತುಂಬಿಸುತ್ತಾಳೆ. ನಾನು ಬಾಯಿ ಮುಚ್ಚಿ ಟೈಲರಿಂಗ್ ಅಂಗಡಿ ನೋಡಿಕೊಂಡಿದ್ದೆ.

ನವೆಂಬರಿನಲ್ಲಿ ಅಂಗಡಿಗೆ ಇಬ್ಬರು ಬಂದರು. ಒಬ್ಬಳು ಹೆಲ್ಕಾ ಎಂಬ ಎತ್ತರದ ಹೆಂಗಸು. ಫಿನ್ಲೆಂಡಿನ ಕಲೆ, ಹಾಡು, ನೇಯ್ಗೆಯನ್ನು ಹೊರದೇಶದವರಿಗೆ ತೋರಿಸುವ ಸಂಸ್ಥೆಯೊಂದು ಇಲ್ಲಿ ಎರಡು ಕೋಣೆಯ ಕಚೇರಿ ತೆರೆದಿದೆ, ಅದಕ್ಕೆ ಇವಳು ಮುಖ್ಯಸ್ಥೆ. ಅವಳ ಹಿಂದೆ, ಕುತ್ತಿಗೆಗೆ ಅದೇ ಸಂಸ್ಥೆಯ ಕಾರ್ಡು ನೇತುಹಾಕಿಕೊಂಡು, ನಮ್ಮ ಫಿಯೋನಾ. ನಾನು ಹೆಲ್ಕಾಗೆ ಮಾತ್ರ ಕುರ್ಚಿ ಹಾಕಿಸಿದೆ.

ಹೆಲ್ಕಾ ಇಂಗ್ಲಿಷಿನಲ್ಲಿ ಹೇಳಿದಳು, ಫಿಯೋನಾ ಕೊಂಕಣಿಗೆ ತಿರುಗಿಸಿದಳು. ಅವರ ದೇಶದ ಪೂರ್ವಭಾಗದಲ್ಲಿ ಹಿಂದೆ ಮದುವೆಗೆ ಮೊದಲು ಮದುಮಗಳನ್ನು ಸೌನಾ ಎಂಬ ಬಿಸಿ ಕೋಣೆಗೆ ಕರೆದೊಯ್ಯುತ್ತಿದ್ದರಂತೆ. ಕಾದ ಕಲ್ಲಿಗೆ ನೀರೆರಚಿ, ಆ ಹಬೆಯಲ್ಲಿ ಅವಳನ್ನು ಮೀಯಿಸುತ್ತಿದ್ದರಂತೆ. ತವರು ಬಿಡುವ ಹುಡುಗಿಯ ಪರವಾಗಿ ಅಳುತ್ತಾ ಹಾಡಲು ಬೇರೆಯೇ ಒಬ್ಬ ಹೆಂಗಸು ಇರುತ್ತಿದ್ದಳಂತೆ. ಅಂಥ ಹಾಡುಗಾರ್ತಿಯರನ್ನು ಜನವರಿಯಲ್ಲಿ ಕರೆಸುತ್ತೇವೆ, ಅವರ ಪಕ್ಕದಲ್ಲಿ ನಿಮ್ಮ ರೋಸ್ ತೋರಿಸಬೇಕು, ಕಾರ್ಯಕ್ರಮದ ಹೆಸರೇ ‘ಮದುಮಗಳ ಸ್ನಾನ’ ಎಂದಳು.

“ಆಗಸ್ಟಿನಲ್ಲಿ ಇಲ್ಲಿಯ ಬಸ್‌ಸ್ಟಾಪಿನಲ್ಲಿ ನಿಂತ್ರೆ ಆ ಬಿಸಿ ಸ್ನಾನ ಪುಕ್ಕಟೆ ಸಿಗ್ತದೆ ಅಂತ ನಿನ್ನ ಮೇಡಮ್ಮಿಗೆ ಹೇಳು” ಎಂದೆ. ಫಿಯೋನಾ ಹೇಳಿದಳು. ಹೆಲ್ಕಾ ಅಂಗಡಿ ಅದುರುವಂತೆ ನಕ್ಕಳು. ಆಗ ಅವಳ ಮೇಲೆ ನನಗೆ ಸ್ವಲ್ಪ ಒಳ್ಳೆಯ ಅಭಿಪ್ರಾಯ ಬಂತು.

ಮೊಲ್ಲಿಯನ್ನು ಬಿಟ್ಟು ನನ್ನ ಹತ್ತಿರ ಯಾಕೆ ಬಂದಿರಿ ಎಂದು ಕೇಳಿದೆ. ಹೆಲ್ಕಾ ಫಿಯೋನಾಳನ್ನು ನೋಡಿದಳು. ಫಿಯೋನಾ ನೆಲ ನೋಡಿದಳು.

ಒಪ್ಪಿದೆ. ನಮ್ಮ ಹಳೆಯ ಗುಂಪನ್ನೇ ಸೇರಿಸಿದೆ, ಮೊಲ್ಲಿಯನ್ನೂ ಕರೆದೆ, ಎರಡನೆಯ ಸಾಲಿನಲ್ಲಿ ನಿಲ್ಲಿಸಿದೆ. ವೇದಿಕೆಯಲ್ಲಿ ಮದುಮಗಳಾಗಿ ಕೂರಲು ಶಾಲೆಯ ಟೀಚರ್ ಆಶ್ಲಿ ಒಪ್ಪಿದ್ದಳು. ಇನ್ನೂ ಮದುವೆಯಾಗದ ಹುಡುಗಿ. ನಾನು ಆಶ್ಲಿಯ ತಾಯಿಗೆ ಒಂದು ಮಾತು ಹೇಳಿದೆ, ಅಷ್ಟೇ: ರೋಸ್ ಎಂದರೆ ನಾಟಕವಲ್ಲ, ಗಂಡು ನಿಶ್ಚಯವಾಗದ ಹುಡುಗಿಗೆ ಹಚ್ಚಿದರೆ ಅವಳಿಗೆ ಮದುವೆ ಕೂಡಿಬರುವುದಿಲ್ಲ ಎಂದು. ಹಾಗೆಂದು ಎಲ್ಲಿಯೂ ಇಲ್ಲ ಎನ್ನುತ್ತೀರಿ. ನನಗೂ ಗೊತ್ತು. ಆಶ್ಲಿಯ ತಾಯಿಗೆ ಗೊತ್ತಿರಲಿಲ್ಲ. ಮರುದಿನದೊಳಗೆ ಆ ಮಾತು ಇಡೀ ಫರ್ವಾನಿಯಾ ಸುತ್ತಿತು. ಕೂರುವುದಕ್ಕೆ ಒಬ್ಬ ಹುಡುಗಿಯೂ ಸಿಗಲಿಲ್ಲ.

ಫಿಯೋನಾ ಫೋನ್ ಮಾಡಿದಳು. ಮೇಡಮ್ಮಿನ ಪರವಾಗಿ ಅಲ್ಲ, ತಾನಾಗಿಯೇ, ಐದು ವರ್ಷದಲ್ಲಿ ಮೊದಲ ಸಲ.

“ಮಮ್ಮಿ, ಪೋಸ್ಟರ್ ಪ್ರಿಂಟ್ ಆಗಿದೆ. ಎಂಬೆಸಿಯವರೆಲ್ಲ ಬರ್ತಾರೆ. ಬ್ರೈಡ್ ಇಲ್ಲ! ನೀವು ಎಂತ ಮಾಡಿದ್ದು ಅಂತ ನಂಗೆ ಗೊತ್ತುಂಟು.”

“ಗೊತ್ತಿದ್ರೆ ಒಳ್ಳೇದಾಯ್ತು. ನೀನೇ ಕೂತ್ಕೋ.”

“ನಾನಾ? ನಂಗೆ ನಾಲ್ಕು ವರ್ಷದ ಮಗಳುಂಟು!”

“ಮಗಳಿದ್ರೆ ಎಂತ? ತಲೆಗೆ ಎಣ್ಣೆ ಹಿಡಿಯುದಿಲ್ವಾ?”

ಯಾವ ಸೀರೆ ಉಡಬೇಕು ಎಂದು ಕೇಳಿದಳು. ಹಳೆಯದು, ಹಾಲು ಬಿದ್ದರೆ ಬೇಸರವಾಗದ್ದು ಎಂದು ಹೇಳಿ ಫೋನ್ ಇಟ್ಟೆ.

ಅಭ್ಯಾಸದ ದಿನ ಮೊಲ್ಲಿ ಆಕ್ಷೇಪ ತೆಗೆದಳು. “ಮರೀನಾ, ರೋಸ್ ಅಂದ್ರೆ ಕನ್ಯೆಗೆ. ಜನ ನಗಾಡ್ತಾರೆ ಮಾರಾಯ್ತಿ.”

“ನಗುವವರನ್ನು ಮುಂದಿನ ಸಾಲಿನಲ್ಲಿ ಕೂರಿಸು, ನಂಗೆ ಮುಖ ಕಾಣ್ಬೇಕು” ಎಂದೆ.

“ಪಾದ್ರಿಗಳು ಕೇಳಿದ್ರೆ?”

“ಫಿನ್ಲೆಂಡಿನವರ ಪ್ರೋಗ್ರಾಂ ಅಂತ ಹೇಳು, ಖಲಾಸ್.”

ಹೆಲ್ಕಾ ಅಂಗಡಿಯಿಂದ ಡಬ್ಬಿಯ ತೆಂಗಿನ ಹಾಲು ತರಿಸಿದ್ದಳು. ವಾಪಸ್ ಕಳಿಸಿದೆ. ಡಬ್ಬಿಯ ಹಾಲು ಹಚ್ಚಿಸಿಕೊಳ್ಳಲು ನನ್ನ ಮಗಳೇನು ಪುಡಿಂಗೇ? ನಿನ್ನೆ ಬೆಳಿಗ್ಗೆ ವಿನೀತ್ ಒಂದು ಗೋಣಿ ಕಾಯಿ ಹೊತ್ತುಕೊಂಡು ಬಂದ. ನನ್ನ ಅಡುಗೆಮನೆಯ ನೆಲದಲ್ಲಿ ಕೂತು ತುರಿದ. ಕಾಯಿ ತುರಿಯುವುದನ್ನು ತುಳುವರ ಹುಡುಗನಿಗೆ ಕಲಿಸಬೇಕಾಗಿಲ್ಲ, ಆದರೂ ಕರಟ ತಾಗುವಷ್ಟು ತುರಿಯಬೇಡ, ಹಾಲು ಕಪ್ಪಾಗುತ್ತದೆ ಎಂದೆ. ನಾನು ಅವನೊಂದಿಗೆ ಆಡಿದ ಮೊದಲ ಮಾತು ಅದು. “ಆಯ್ತು ಅತ್ತೆ” ಎಂದ. ಅತ್ತೆ ಎನ್ನಲು ಯಾರು ಹೇಳಿಕೊಟ್ಟರೋ. ನಾನು ತಿದ್ದಲಿಲ್ಲ.

ಸಂಜೆ ವೇದಿಕೆಯ ಒಂದು ಬದಿಯಲ್ಲಿ ಫಿನ್ಲೆಂಡಿನವರ ಮರದ ಮೆಟ್ಟಿಲು ಬೆಂಚು, ನೀರಿನ ಬಾನಿ, ಎಲೆಯ ಕಟ್ಟು. ಬೆಂಕಿಗೆ ಅನುಮತಿ ಸಿಗಲಿಲ್ಲ, ಹಬೆ ಯಂತ್ರದ್ದು. ಮೊದಲು ಅವರು ಹಾಡಿದರು. ಎಲ್ಲರಿಗಿಂತ ಹಿರಿಯಳು ಮುಖದ ಮೇಲೆ ಬಟ್ಟೆ ಎಳೆದುಕೊಂಡು, ಉಸಿರು ಮುರಿದು ಮುರಿದು ಅತ್ತು ಹಾಡಿದಳು. ಆಮೇಲೆ ಒಬ್ಬಳು ಸಾಲು ಎತ್ತುವುದು, ಉಳಿದವರು ಅದರ ಬಾಲ ಹಿಡಿದು ಮತ್ತೆ ಹೇಳುವುದು. ಮೊಲ್ಲಿ ನನ್ನ ತೋಳು ಚಿವುಟಿದಳು: “ಇವರು ನಮ್ಮ ಹಾಗೇ ಹಿಡೀತಾರಲ್ಲ!” “ನಿನ್ನ ಹಾಗಲ್ಲ, ಇವರಿಗೆ ಪೂರ್ತಿ ಸಾಲು ಬರ್ತದೆ” ಎಂದೆ.

ನಮ್ಮ ಸರದಿ ಬಂತು. ಫಿಯೋನಾ ಕುರ್ಚಿಯಲ್ಲಿ ಕೂತಳು. ಅವಳ ಹಣೆಗೆ ಶಿಲುಬೆಯ ಗುರುತು ಹಾಕಿ, ನೆತ್ತಿಗೆ ಎಣ್ಣೆ ಇಟ್ಟು, ಹಾಲಿನಲ್ಲಿ ಕೈ ಅದ್ದಿ ವೊವಿಯೊ ಎತ್ತಿದೆ. ಐದು ವರ್ಷ ಬಳಸದ ಗಂಟಲು, ಒಂದು ಕ್ಷಣ ಹೆದರಿದೆ. ಗಂಟಲು ನನ್ನ ಮಾನ ಕಾಪಾಡಿತು. ಹಿಂದಿನಿಂದ ಹೆಂಗಸರು ಸಾಲು ಹಿಡಿದಾಗ ಗೋಡೆಯನ್ನೇ ತಳ್ಳುವಂಥ ಸದ್ದು ಬಂತು. ನಾನು ಅವಳ ಕೆನ್ನೆಗೆ, ಕೈಗೆ, ಕಾಲಿಗೆ ಹಾಲು ಹಚ್ಚುತ್ತಿದ್ದಾಗ ಮುಂದಿನ ಸಾಲಿನಿಂದ ನಮ್ಮ ಮೊಮ್ಮಗಳು ತೃಷಾ ಎದ್ದು ನಿಂತು ಕೂಗಿದಳು: “ಬಟ್ ಮಮ್ಮಾ ಈಸ್ ಆಲ್ರೆಡಿ ಮ್ಯಾರೀಡ್!”

ಇಡೀ ಸಭೆ ನಕ್ಕಿತು. ಮೊಲ್ಲಿಯ ಲಾ ಲಾ ಕೂಡ ನಿಂತುಹೋಯಿತು. ಐದು ವರ್ಷ ನಾನು ಹೆದರಿದ್ದ ನಗು ಅದೇ. ನೋಡಿದರೆ ಅದರಲ್ಲಿ ಏನೂ ವಿಷ ಇರಲಿಲ್ಲ. ನಾನು ತೃಷಾಳ ಕಡೆ ತಿರುಗಿ, “ಹೌದು ಮಗಾ, ಅಜ್ಜಿ ಸ್ವಲ್ಪ ಲೇಟ್” ಎಂದು ಹೇಳಿ ಮುಂದಿನ ಸಾಲು ಎತ್ತಿದೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಹಾಡಿನ ನಡುವೆಯೇ, ಅಶಿಸ್ತು.

ಫಿಯೋನಾ ಮೊದಲು ನಕ್ಕಳು, ಆಮೇಲೆ ಅವಳ ಭುಜ ಕುಲುಕುವ ರೀತಿ ಬದಲಾಯಿತು. ನಾನು ಅಳಲಿಲ್ಲ. ಆ ಕೆಲಸಕ್ಕೆ ಅವರು ವಿಮಾನದಲ್ಲಿ ಹೆಂಗಸನ್ನು ಕರೆಸಿದ್ದರು. ಅವಳೂ ತನ್ನ ಬೆಂಚಿನಿಂದ ಎದ್ದು ಬಂದು, ಯಾರೂ ಹೇಳದೆ, ನಮ್ಮ ಹಾಡಿನ ಕೆಳಗೆ ತನ್ನ ಭಾಷೆಯಲ್ಲಿ ಅಳು ಶುರುಮಾಡಿದಳು. ನಮ್ಮದು ಮೇಲೆ, ಅವಳದು ಕೆಳಗೆ, ಎರಡೂ ಒಂದಕ್ಕೊಂದು ತಾಗದೆ ಹೋದವು. ಹೆಲ್ಕಾ ಬಂದು ಹಾಲು ಹಚ್ಚಿದಳು. ವಿನೀತನ ತಾಯಿ ಮೋಹಿನಿ ಬಂದು ಹಚ್ಚಿದಳು, ಎಣ್ಣೆ ಊರಿನದಾ ಎಂದು ಮೆಲ್ಲಗೆ ಕೇಳಿ, ಹೌದೆಂದ ಮೇಲೆ ಇನ್ನೂ ಎರಡು ಬೊಗಸೆ ಸುರಿದಳು.

ಮುಗಿದ ಮೇಲೆ ಹೆಲ್ಕಾ ವೇದಿಕೆಯಲ್ಲೇ ಹೇಳಿದಳು, ಜೂನಿನಲ್ಲಿ ನಮ್ಮ ಗುಂಪು ಫಿನ್ಲೆಂಡಿಗೆ ಬಂದು ಹಾಡಬೇಕೆಂದು. ಅಲ್ಲಿ ಆಗ ರಾತ್ರಿಯೂ ಬೆಳಕಿರುತ್ತದಂತೆ. ಯಾರ್ಯಾರು ಹೋಗಬೇಕೆಂದು ತೀರ್ಮಾನಿಸುವವಳು ನಾನು. ಮೊಲ್ಲಿ ಇವತ್ತು ಬೆಳಿಗ್ಗೆ ನನಗೆ ಕೋರಿ ರೊಟ್ಟಿ ಕಳಿಸಿದ್ದಾಳೆ. ಮುಂದಿನ ತಿಂಗಳು ಎರಡು ಮನೆಯ ರೋಸಿಗೆ ಕರೆ ಬಂದಿದೆ. ನೋಡೋಣ ಎಂದಿದ್ದೇನೆ.

ಪೈಪು ರಿಪೇರಿ ಮಾಡಿಸಿ.

ನಿಮ್ಮ ಹೆಂಡತಿ,
ಮರೀನಾ

ತಾ.ಕ.: ಒಂದು ವಿಷಯ ಮೇಲೆ ಬರೆಯಲಿಲ್ಲ. ತಾಯಿಯ ಸಾಲಿನ ನಂತರ ತಂದೆಯ ಸಾಲು ಬರುತ್ತದಲ್ಲ, ಅಲ್ಲಿ ಡೋಲ್ಫಿ ಎಂದು ನಿಮ್ಮ ಹೆಸರು ಹಾಡಿದೆ. ತಂದೆ ಎದ್ದು ಬಂದು ಹಾಲು ಹಚ್ಚಬೇಕು. ಯಾರೂ ಬರಲಿಲ್ಲ. ಫಿಯೋನಾ ತಲೆ ಎತ್ತಿ ನನ್ನನ್ನು ನೋಡಿದಳು. ಕೊನೆಗೆ ಮುಗಿಸುವ ಸಾಲು ಹಾಡದೆ ಬಿಟ್ಟೆ. ನಾನು ಮರೆತೆನೆಂದು ಮೊಲ್ಲಿ ಹೇಳುತ್ತಾ ತಿರುಗುತ್ತಿದ್ದಾಳೆ, ಹೇಳಲಿ. ಆ ಸಾಲು ಹಾಡುವವರೆಗೆ ರೋಸ್ ಮುಗಿದಿಲ್ಲ, ಇದನ್ನು ನನಗೆ ಕಲಿಸಿದವರು ನಿಮ್ಮ ತಾಯಿ. ವಿಸಿಟ್ ವೀಸಾಕ್ಕೆ ನಿಮ್ಮ ಪಾಸ್‌ಪೋರ್ಟಿನ ಫೋಟೊ ವಿನೀತನಿಗೆ ಕಳಿಸಿ. ಅವನ ನಂಬರ್ ನಿಮ್ಮ ಹತ್ತಿರ ಮೊದಲಿನಿಂದಲೂ ಇದೆ ಎಂದು ನನಗೆ ಗೊತ್ತು.