ಮಗ್ಗದ ಸಪ್ಪಳ

ಗುಳೇದಗುಡ್ಡ
ಮಾರ್ಚ್ ೯, ಭಾನುವಾರ

ಮುದ್ದಿನ ಶ್ರುತಿಗೆ,

ಹೇಗಿದ್ದೀಯವ್ವ? ಮಗಳ ಕೆಮ್ಮು ಇಳಿಯಿತೇ? ಸೋಲಾಪುರದ ಬಿಸಿಲಿಗೆ ಐಸ್ ತಿನ್ನಿಸಬೇಡ ಅಂದರೆ ನೀನು ಕೇಳುವವಳಲ್ಲ. ಫೋನ್ ಇರುವಾಗ ಅತ್ತಿಗೆ ಪತ್ರ ಯಾಕೆ ಬರೆದಳು ಅಂತ ಗಾಬರಿಯಾಗಬೇಡ. ನಮ್ಮ ಮನೆಯಲ್ಲಿ ಫೋನಿನ ಮಾತು ಅತ್ತೆಯ ಕಿವಿಗೂ ಬೀಳುತ್ತದೆ.

ಅವ್ವನನ್ನು ನೋಡಲು ಈಗಲೇ ಬರಲೋ, ಮಗಳ ಪರೀಕ್ಷೆ ಮುಗಿಸಿ ಮೇ ತಿಂಗಳಲ್ಲಿ ಬರಲೋ ಅಂತ ನೀನು ಕೇಳಿದ್ದೆ. ದಿನವಿಡೀ ಪವರ್‌ಲೂಮಿನಲ್ಲಿರುವ ನಿಮ್ಮಣ್ಣನದು ಒಂದೇ ಪಾಠ: "ಅವ್ವನ ಮಗ್ಗದ ಸಪ್ಪಳ ಕೇಳ್ತೈತಿಲ್ಲೋ, ಆಕಿ ಆರಾಮ ಅದಾಳ." ಓಣಿಯವರೂ ಹಾಗೇ ಅನ್ನುತ್ತಾರೆ, "ಚಂದ್ರವ್ವ ಗಟ್ಟಿ ಬಿಡವಾ" ಅಂತ. ನಾನೂ ಅದನ್ನೇ ನಂಬಿದ್ದೆ. ಆದರೂ ಮರೆವು ಹೆಚ್ಚಾಯಿತಲ್ಲ ಅಂತ ಹೋದ ವಾರ ಬಾಗಲಕೋಟೆಗೆ ಕರೆದೊಯ್ದೆ. ಡಾಕ್ಟರಬಾಯಿಯವರು ಅತ್ತೆಯನ್ನು ತಾರೀಖು, ವಾರ ಕೇಳಿ ಮುಗಿಸಿ ನನ್ನ ಕಡೆ ತಿರುಗಿದರು. ಸ್ನಾನ ತಾವೇ ಮಾಡುತ್ತಾರಾ, ಸೀರೆ ಉಡುತ್ತಾರಾ, ಒಲೆ ಹಚ್ಚುತ್ತಾರಾ, ಗುಳಿಗೆ ನೆನಪಿಟ್ಟು ನುಂಗುತ್ತಾರಾ? ಎಲ್ಲಕ್ಕೂ ಹೂಂ ಅಂದೆ. ಈಗಲೂ ಕುಪ್ಪಸದ ಖಣ ನೇಯುತ್ತಾರೆ ಅಂತ ಜಂಬದಿಂದ ಸೇರಿಸಿದೆ. "ನೀರು ಕಾಸಿ ಇಡೋರು ಯಾರ್ರಿ? ಸೀರಿ ತಗದು ಕೊಡೋರು ಯಾರು? ಒಂದಿನ ನೀವು ಕೈ ಹಚ್ಚಬ್ಯಾಡ್ರಿ, ಸುಮ್ಮ ಕುಂತು ನೋಡ್ರಿ" ಅಂದರು. ನನಗೆ ಸಿಟ್ಟೇ ಬಂತು.

ನಿನ್ನೆ ಸುಮ್ಮನೆ ಕೂತೆ. ಹೊತ್ತೇರುವವರೆಗೂ ಅತ್ತೆ ಬಚ್ಚಲ ಬಾಗಿಲಲ್ಲಿ ನಿಂತರು. ಚಹಾದ ಪಾತ್ರೆ ಇಟ್ಟರು, ಒಲೆ ಹಚ್ಚಲಿಲ್ಲ. ನೀರು ಕುದಿಯಲಿ ಅಂತ ಕಾಯುತ್ತ ನಿಂತೇ ಇದ್ದರು. ಎದ್ದು ಹೋಗದೆ ಕೂರುವುದು ನನಗೆಷ್ಟು ಕಷ್ಟವಾಯಿತು ಗೊತ್ತೇ? ಆಮೇಲೆ ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿಗೆ ಇಳಿದರು, ಸಪ್ಪಳ ಶುರುವಾಯಿತು. ಅಬ್ಬಾ, ಉಳಿದೆ ಅಂತ ಚಹಾ ಮಾಡಿ ಒಯ್ದು ಬಗ್ಗಿ ನೋಡಿದೆ. ಲಾಳಿ ಆಚೆ ಈಚೆ ಓಡುತ್ತಿದೆ, ಒಳಗೆ ನೂಲೇ ಇಲ್ಲ. ಸಂಕ್ರಾಂತಿಗೆ ನಾನು ನೋಡಿ ಮೆಚ್ಚಿದ್ದ ಖಣದ ಹೂವು ಇನ್ನೂ ಅರ್ಧಕ್ಕೇ ನಿಂತಿದೆ. ವಯಸ್ಸಾಯಿತು, ನಿಧಾನ ನೇಯುತ್ತಾರೆ ಅಂದುಕೊಂಡಿದ್ದೆವಲ್ಲ ಶ್ರುತಿ, ನಾವು ದಿನಾ ಕೇಳಿ ಸಮಾಧಾನಪಟ್ಟದ್ದು ಬರೀ ಸಪ್ಪಳ. ಇದನ್ನು ಬರೆಯುವಾಗಲೂ ಒಳಗಿಂದ ಅದು ಕೇಳುತ್ತಿದೆ. ನನಗೆ ಹೆದರಿಕೆಯಾಗುತ್ತದೆ.

ನಿಮ್ಮ ಮನೆಯವರಿಗೆ ನಮಸ್ಕಾರ ತಿಳಿಸು, ಮಗಳಿಗೆ ಮುತ್ತು ಕೊಡು. ತಾಯಿ ಬನಶಂಕರಿ ನಿಮ್ಮನ್ನು ತಣ್ಣಗಿಟ್ಟಿರಲಿ.

ನಿನ್ನ ವೈನಿ,
ಪ್ರೀತಿ

ತಾ.ಕ.: ಮೇ ತನಕ ಕಾಯಬೇಡ, ಈ ವಾರವೇ ಹೊರಡು. ಅತ್ತೆ ಈಗ ನನ್ನನ್ನೇ ಶ್ರುತಿ ಅಂತ ಕರೆಯುತ್ತಾರೆ, ನಾನು ಓ ಅನ್ನುತ್ತೇನೆ. ಶ್ರುತಿ ಬರ್ತಾಳ್ರಿ ಅಂದರೆ, "ಹುಚ್ಚಿ, ನೀ ಇಲ್ಲೇ ಅದಿಯಲ್ಲ" ಅಂತ ನಗುತ್ತಾರೆ. ಹೊಸ್ತಿಲಲ್ಲಿ ನಿನ್ನನ್ನು ಯಾರು ಅಂತ ಕೇಳಿದರೆ ಅಳಬೇಡ ನನ್ನವ್ವ, ನನ್ನ ಹೆಸರು ಹೇಳಿ ಒಳಗೆ ಬಾ.