ನಾನು ಮಾತು ಬಿಟ್ಟಿದ್ದಲ್ಲ

ಶಿಕಾರಿಪುರ
೫-೨-೨೦೨೪, ಸೋಮವಾರ

ಹೊಸಬಾಳೆಯಲ್ಲಿ ತಮ್ಮನ ಮನೆ ಸೇರಿ ಕೂತಿರುವ ಜಗದಾಂಬೆಗೆ, ಗೊಬ್ಬರದಂಗಡಿಯ ಗಲ್ಲಾದ ಮೇಲೆ ಕಾಗದವಿಟ್ಟುಕೊಂಡು ನಿನ್ನ ಗಂಡ ಪಂಚಾಕ್ಷರಪ್ಪ ಬರೆಯುವುದು.

ಪರದೆ ಏಳಲಿ. ಹೀಗೆ ಶುರು ಮಾಡಿದರೆ ಮೊದಲೆಲ್ಲ ನೀನು ನಗುತ್ತಿದ್ದೆ. ಈಗ ಗೊತ್ತಿಲ್ಲ. ಫೋನ್ ಮಾಡಿದರೆ ಎತ್ತುವುದಿಲ್ಲ, ಅದಕ್ಕೇ ಕಾಗದ.

ನನಗೆ ಆಪರೇಷನ್ ಆಯಿತು. ಚೆನ್ನಾಗಿಯೇ ಆಯಿತೆಂದು ಡಾಕ್ಟರ್ ಹೇಳಿದರು. ಬಲಗಿವಿಯ ಹಿಂದೆ ಹೊಲಿಗೆ ಹಾಕಿದ ಜಾಗವೆಲ್ಲ ಜೋಮು. ಕೈಯಿಟ್ಟರೆ ಬೇರೆ ಯಾರದೋ ತಲೆ ಮುಟ್ಟಿದ ಹಾಗಿದೆ. ಒಳಗೂ ಹಾಗೇ. ಸಂತೋಷವೂ ಇಲ್ಲ, ದುಃಖವೂ ಇಲ್ಲ. ನಾಟಕ ಮುಗಿದ ಮೇಲಿನ ಹಾಗೆ ಬಣ್ಣ ಒರೆಸಿಕೊಂಡು ಕೂತಿದ್ದೇನೆ, ಅಷ್ಟೇ.

ಯಾವ ಆಪರೇಷನ್, ಯಾತಕ್ಕೆ ಎಂದು ಕೇಳುತ್ತೀಯ. ಹೇಳುತ್ತೇನೆ.

ಅಂಜನಾಪುರದ ನಾಟಕ ನೆನಪಿದೆಯಲ್ಲ. ಖಳ ಗೌಡನ ಪಾತ್ರ ನನ್ನದು, ನೀನು ಹೆಂಗಸರ ಸಾಲಿನಲ್ಲಿ ಮುಂದೆ ಕೂತಿದ್ದೆ. ಎಲವೋ ಅಧಮಾ ಎಂದು ಗುಡುಗಿದೆ ನೋಡು, ಆ ಗುಡುಗು ಸಭೆಗೆ ಮುಟ್ಟುವ ಮೊದಲು ನನ್ನ ತಲೆಯೊಳಗೇ ಸಿಡಿಲಾಗಿ ಬಡಿಯಿತು. ರಂಗವೆಲ್ಲ ದೋಣಿಯಂತೆ ವಾಲಿತು. ಪರದೆ ಸಮೇತ ಬಿದ್ದೆ. ಜನ ಒನ್ಸ್ ಮೋರ್ ಎಂದು ಸೀಟಿ ಹೊಡೆದರು. ಎದ್ದು ಮತ್ತೆ ಗುಡುಗಿದೆ, ಮತ್ತೆ ಬಿದ್ದೆ. ಮನೆಗೆ ಬಂದ ಮೇಲೆ ನೀನು ನನ್ನ ಬಾಯಿ ಮೂಸಿ ನೋಡಿದೆ. “ಅದೇನ್ ಕುಡ್ದೀರೋ, ವಾಸ್ನೇನೂ ಇಲ್ದಂಗೆ” ಅಂದೆ.

ಕುಡಿದಿರಲಿಲ್ಲ. ಅಂದಿನಿಂದ ನನ್ನ ದನಿಯೇ ನನಗೆ ಏಟು. ಕಣ್ಣುಗುಡ್ಡೆ ಹೊರಳಿಸಿದರೆ ಅದರ ಸದ್ದೂ ಕೇಳುತ್ತಿತ್ತು ಕಣೇ, ಎಣ್ಣೆ ಕಾಣದ ಬಾಗಿಲಿನ ಹಾಗೆ ಕಿರ್ರೆಂದು. ಇದನ್ನು ಯಾರ ಮುಂದೆ ಹೇಳಲಿ? ನಿನ್ನ ತಮ್ಮ ಚನ್ನೇಶನಿಗೆ ತಿಳಿದಿದ್ದರೆ ಮರುದಿನವೇ ತಾಯಿತ ಕಟ್ಟಿಸುತ್ತಿದ್ದ. ದನಿ ಇಳಿಸಿದೆ. ಹಾರ್ಮೋನಿಯಂ ಕಲ್ಲಪ್ಪ, “ಏನ್ರೀ ಗೌಡ್ರೇ, ಅಬ್ಬರಿಸ್ರೀ ಅಂದ್ರೆ ಗುಟ್ಟು ಹೇಳ್ತೀರಲ್ಲ” ಎಂದು ಆಡಿಕೊಂಡ. ಆಮೇಲೆ ಮನೆಯಲ್ಲಿ ಮಾತನ್ನೇ ನಿಲ್ಲಿಸಿದೆ. ನಿನ್ನ ಖಡಕ್ ರೊಟ್ಟಿ ಅಗಿದರೆ ತಲೆಯಲ್ಲಿ ಸೌದೆ ಮುರಿದ ಹಾಗಾಗುತ್ತಿತ್ತು. ಸಾರಿನಲ್ಲಿ ನೆನೆಸಿ ನುಂಗುತ್ತಿದ್ದೆ. ನೀನು ತಟ್ಟೆ ನೋಡಿದೆ, ನನ್ನ ಮುಖ ನೋಡಿದೆ. “ನನ್ ಕೈ ರೊಟ್ಟೀನೂ ಬ್ಯಾಡ, ನನ್ ಕೂಡೆ ಮಾತೂ ಬ್ಯಾಡ. ನಾನೇನ್ ಗೋಡೇನಾ? ಗೋಡೆಗಾದ್ರೂ ಒರಗ್ತೀರಿ ನೀವು.”

ಊರಿಗೆಲ್ಲ ಸುದ್ದಿಯಾಯಿತು: ಪಂಚಾಕ್ಷರಪ್ಪ ಹೆಂಡತಿಯ ಜೊತೆ ಮಾತು ಬಿಟ್ಟ. ನಮ್ಮಲ್ಲಿ ಆ ಮಾತಿಗೆ ಬೇರೆ ಅರ್ಥವೇ ಇಲ್ಲ. ಬಾಯಿ ನೋಯುತ್ತದೆಯೋ, ತಲೆ ಸಿಡಿಯುತ್ತದೆಯೋ ಎಂದು ಯಾರೂ ಕೇಳುವುದಿಲ್ಲ. ಹೆಂಡತಿ ಬೇಡವಾಗಿದ್ದಾಳೆ ಎಂದೇ ತಿಳಿಯುತ್ತಾರೆ. ನೀನೂ ಹಾಗೇ ತಿಳಿದೆ. ಬ್ಯಾಗು ಹಿಡಿದು ಸೊರಬದ ಬಸ್ಸಿಗೆ ಹೊರಟ ದಿನ ನಾನು ಬಾಗಿಲಲ್ಲಿ ನಿಂತು ಬಾಯಿ ತೆರೆದೆ. ಕಿವಿಯಲ್ಲಿ ನನ್ನ ಎದೆಬಡಿತವೇ ಬ್ಯಾಂಡ್ ಬಾರಿಸುತ್ತಿತ್ತು. ಮುಚ್ಚಿದೆ.

ಕೊನೆಗೆ ಕಲ್ಲಪ್ಪನೇ ಶಿವಮೊಗ್ಗಕ್ಕೆ ಎಳೆದೊಯ್ದ. ಕಿವಿಯ ಡಾಕ್ಟರ್ ದಿವ್ಯ, ಚಿಕ್ಕ ವಯಸ್ಸಿನ ಹೆಣ್ಣುಮಗಳು, ಒಂದು ಕಬ್ಬಿಣದ ಕವೆಯನ್ನು ತಟ್ಟಿ, ಅದು ಗುಂಯ್ ಎನ್ನುತ್ತಿರುವಾಗಲೇ ನನ್ನ ಕಾಲಿನ ಹರಡಿನ ಮೂಳೆಯ ಮೇಲೆ ಇಟ್ಟರು. ಕಿವಿಯಲ್ಲಿ ಗಂಟೆ ಹೊಡೆಯುತ್ತಿದೆ ಎಂದೆ. “ನಾನಿಟ್ಟಿದ್ದು ಕಾಲಿಗೆ ರೀ” ಅಂದರು. ನನಗೂ ಅದೇ ಹೆದರಿಕೆ ತಾಯಿ ಎಂದೆ. ಅವರು ನಗಲಿಲ್ಲ. ಸ್ಕ್ಯಾನ್ ಮಾಡಿಸಿದರು. “ನಿಮಗೆ ಹುಚ್ಚಲ್ಲ. ಮೂಳೆ ತೂತಾಗಿದೆ. ಅಪರೂಪಕ್ಕೆ ಒಬ್ಬರಿಗೆ ಆಗುತ್ತೆ.” ಒಳಕಿವಿಯ ಕೊಳವೆಯ ಮೇಲಿನ ಮೂಳೆಯಲ್ಲಿ ಸಾಸಿವೆಯಷ್ಟು ತೂತು, ಮೈಯೊಳಗಿನ ಸದ್ದೆಲ್ಲ ಅದರಿಂದ ಕಿವಿಗೆ ನುಗ್ಗುತ್ತಿತ್ತಂತೆ. ಮೂಳೆಪುಡಿಯನ್ನೂ ನನ್ನದೇ ಮೈಯ ಪೊರೆಯನ್ನೂ ಇಟ್ಟು ಮುಚ್ಚಿದರು. ಮನೆಯವರ ಸಹಿ ಬೇಕೆಂದಾಗ ಕಲ್ಲಪ್ಪ ಹಾಕಿದ.

ಈಗ ಕಣ್ಣು ಹೊರಳಿದರೆ ಸದ್ದಿಲ್ಲ. ಎದೆ ಬಡಿಯುತ್ತಿದೆಯೋ ಇಲ್ಲವೋ ಎಂದು ಕೈಯಿಟ್ಟು ನೋಡಿಕೊಳ್ಳುತ್ತೇನೆ. ನಾನು ಮಾತು ಬಿಟ್ಟಿದ್ದಲ್ಲ, ಅಷ್ಟು ನಿನಗೆ ತಿಳಿದರೆ ಸಾಕು ಎಂದು ಬರೆಯಲು ಕೂತೆ. ಸಾಕಾಗುವುದಿಲ್ಲ. ಬಾ.

ನಿನ್ನವನೇ,
ಪಂಚಾಕ್ಷರಪ್ಪ

ಮೇಲೆ ಬರೆಯದೆ ಉಳಿಸಿದ್ದು: ಶನಿವಾರ ನಾನೇ ಹೊಸಬಾಳೆಗೆ ಬಂದಿದ್ದೆ. ಗೇಟಿನ ಹೊರಗೆ ನಿಂತು ನಿನ್ನ ಹೆಸರು ಹಿಡಿದು ಕೂಗಿ, ಯಾರೂ ಬರಲಿಲ್ಲವೆಂದು ಬಸ್ಸಿಗೆ ನಡೆದೆ. ಇವತ್ತು ಚನ್ನೇಶ ಕಲ್ಲಪ್ಪನಿಗೆ ಫೋನ್ ಮಾಡಿ ರೇಗಿದನಂತೆ: “ಅಕ್ಕ ಕೂಗ್ತಾ ಬೀದಿ ತನಕ ಓಡಿ ಬಂದ್ಲು. ಭಾವ ತಿರ್ಗೀನೂ ನೋಡ್ಲಿಲ್ಲ.” ಜಗದಾಂಬೆ, ಆ ಬಲಗಿವಿ ಹೋಗಿದೆ. ಹೋದರೂ ಹೋಗಬಹುದೆಂದು ಡಾಕ್ಟರ್ ಮೊದಲೇ ಹೇಳಿದ್ದರು, ನಾನು ಆಗಲಿ ಎಂದಿದ್ದೆ. ಎಡಗಡೆ ಟ್ರ್ಯಾಕ್ಟರೊಂದು ಗುಡುಗುಡು ಎನ್ನುತ್ತಾ ಬರುತ್ತಿತ್ತು. ನೀನು ಕೂಗಿದ್ದು ನನಗೆ ಕೇಳಲಿಲ್ಲ. ಏನೆಂದು ಕೂಗಿದೆ, ಅಷ್ಟು ಬರೆದು ಕಳಿಸು.